ಅಂಗಿ ತೆಗೆಯುವ ಪ್ರಾಯಶ್ಚಿತ್ತ

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ಒಳ್ಳೆಯ ಸಂಬಂಧ ಕೂಡಿಬರುತ್ತದೆ. ನನಗೆ ಮಾತ್ರ ನಾಲ್ಕು ಜನರ ಎದುರು ಮರ್ಯಾದೆ ಹೋಗುವ ಪ್ರಸಂಗಗಳೇ ಮನೆ ವಿಳಾಸ ಕೇಳಿಕೊಂಡು ಬರುತ್ತವೆ. ನಾನು ಕರೆಯುವುದಿಲ್ಲ, ಅವು ಬಿಡುವುದಿಲ್ಲ. ಬೇರೆ ವರ್ಷಗಳಲ್ಲಿ ತಿಂಗಳಿಗೊಂದರಂತೆ ಬಂದು ಹೋಗುತ್ತಿದ್ದವು. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ಮಾತ್ರ ಸಾಲುಗಟ್ಟಿ ನಿಂತುಬಿಟ್ಟವು. ಅದು ನಾನು ಪುತ್ತೂರಿನ ವ್ಯಾಯಾಮಶಾಲೆಗೆ ಸೇರಿದ ವರ್ಷ.

ಆಗ ನಾನು ಪುತ್ತೂರು ಪೇಟೆಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಮಾಸ್ಟರು. ವಾರದ ದಿನಗಳಲ್ಲಿ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಕಡಬದ ಹತ್ತಿರದ ನಮ್ಮ ಮನೆಗೆ ಬಸ್ಸು. ನಿಮಿಷಕ್ಕೆ ಅರವತ್ತು ಶಬ್ದ ಹೊಡೆಯುವ ಬೆರಳು ನನ್ನದು. ಬೆರಳಿನಿಂದ ಮೇಲಕ್ಕೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ತೂಕ ನಲ್ವತ್ತಮೂರು ಕಿಲೊ, ಅದೂ ಚಪ್ಪಲಿ ಸೇರಿಸಿ.

ಅಪ್ಪನ ಜಾಗ

ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮ ಊರಿನ ಇಗರ್ಜಿಯಲ್ಲಿ ಶುಭ ಶುಕ್ರವಾರದ ಸಂಜೆ ಒಂದು ಮೆರವಣಿಗೆ ಇರುತ್ತದೆ. ಶಿಲುಬೆಯಿಂದ ಇಳಿಸಿದ ಏಸುಸ್ವಾಮಿಯ ಮರದ ಪ್ರತಿಮೆಯನ್ನು ಒಂದು ಮಂಚದ ಮೇಲೆ ಮಲಗಿಸಿ, ನಾಲ್ಕು ಜನ ಭುಜದ ಮೇಲೆ ಹೊತ್ತು, ಇಗರ್ಜಿಗೆ ಒಂದು ಸುತ್ತು ತರುವುದು. ಮಂಚ ಗಟ್ಟಿ ಹಲಸಿನ ಮರದ್ದು, ಪ್ರತಿಮೆ ಆಳೆತ್ತರದ್ದು. ನಾಲ್ಕು ಮೂಲೆಗೆ ನಾಲ್ಕು ಮನೆ ಎಂದು ಅಜ್ಜಂದಿರ ಕಾಲದಿಂದ ನಡೆದುಬಂದ ಕ್ರಮ. ಎದುರಿನ ಎಡಮೂಲೆ ನಮ್ಮ ಮನೆಯದ್ದು.

ಅಪ್ಪ ಇಪ್ಪತ್ತಾರು ವರ್ಷ ಅದನ್ನು ಹೊತ್ತರು. ಆ ವರ್ಷ ಮಳೆಗಾಲದ ಬಾಗಿಲಲ್ಲಿ ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಒಡೆದುಕೊಂಡರು. ಇನ್ನು ಜನ್ಮದಲ್ಲಿ ಭಾರ ಹೊರಬಾರದು ಎಂದರು ಡಾಕ್ಟರು. ಅಪ್ಪ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇನ್ನು ನಮ್ಮ ಮೂಲೆ ಯಾರಿಗೆ?" ಎಂದು ಮಾತ್ರ ಕೇಳಿದರು. ಮನೆಯಲ್ಲಿ ಗಂಡುಸಂತಾನ ಎಂದರೆ ನಾನೊಬ್ಬ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವರು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಗುರ್ಕಾರರು ಅಂಗಳದಲ್ಲಿ ಸಿಕ್ಕಿದರು. ಗುರ್ಕಾರ ಎಂದರೆ ನಮ್ಮ ವಠಾರದ ಕ್ರೈಸ್ತ ಮನೆಗಳಿಗೆಲ್ಲ ಹಿರಿಯ. ಮಂಚದ ಎದುರಿನ ಬಲಮೂಲೆ ಅವರದ್ದು, ಅಂದರೆ ನಾನು ಹೊತ್ತರೆ ಅವರಿಗೆ ಜೋಡಿ.

"ಇವನು ಹೊರುದಾ?" ಎಂದರು, ನನ್ನನ್ನಲ್ಲ, ಪಾದ್ರಿಗಳನ್ನು ನೋಡಿ. "ನನ್ನ ತಂಗಿಯ ಮಗ ಇದ್ದಾನೆ ಫಾದರ್. ಎರಡು ಮುಡಿ ಅಕ್ಕಿ ಒಟ್ಟಿಗೆ ಎತ್ತುತ್ತಾನೆ."

ಪಾದ್ರಿಗಳು ಅಪ್ಪನ ಮುಖ ನೋಡಿದರು. "ಶುಭ ಶುಕ್ರವಾರಕ್ಕೆ ಇನ್ನೂ ಹತ್ತು ತಿಂಗಳು ಉಂಟಲ್ಲ. ಅಷ್ಟರಲ್ಲಿ ಇವನು ಗಟ್ಟಿಯಾದರೆ ಮೂಲೆ ಆ ಮನೆಯಲ್ಲೇ ಇರಲಿ. ಇಲ್ಲದಿದ್ದರೆ ಬೇರೆ ಮನೆಗೆ."

ಗುರ್ಕಾರರು ತಲೆ ಅಲ್ಲಾಡಿಸಿದರು. "ಆಗಲಿ ಫಾದರ್. ಆದರೆ ಆ ದಿನ ಗಾಳಿ ಬಂದರೆ ಮಂಚದ ಜೊತೆ ಇವನನ್ನೂ ಹಿಡ್ಕೊಳ್ಳಲಿಕ್ಕೆ ಐದನೆಯವ ಒಬ್ಬ ಬೇಕಾದೀತು."

ಮೀಟರ್ ಓದುವವ

ಪುತ್ತೂರಿನ ವ್ಯಾಯಾಮಶಾಲೆ ಇದ್ದದ್ದು ಒಂದು ಹಳೆಯ ಅಕ್ಕಿ ಗೋದಾಮಿನಲ್ಲಿ. ಸಂಜೆ ಐದಕ್ಕೆ ಅಲ್ಲಿ ಕಬ್ಬಿಣದ ಸದ್ದು ಸುರುವಾಗುತ್ತಿತ್ತು. ಕಬ್ಬಿಣದ ಸದ್ದಿಗೆ ನಾನು ಹೆದರುವವನಲ್ಲ, ಟೈಪ್‌ರೈಟರಿನದ್ದೂ ಅದೇ. ನಡುನಡುವೆ ಮನುಷ್ಯರ ಗಂಟಲಿನಿಂದ ಬರುತ್ತಿದ್ದ "ಹ್ಹಾ!" ಎಂಬ ಸದ್ದು ಮಾತ್ರ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿತ್ತು.

ಮೊದಲ ಎರಡು ದಿನ ಬಾಗಿಲವರೆಗೆ ಹೋಗಿ, ಶಿಲುಬೆಯ ಗುರುತು ಹಾಕಿಕೊಂಡು, ಧೈರ್ಯ ಕೊಡು ದೇವರೇ ಎಂದು ಪ್ರಾರ್ಥಿಸಿ, ಎದುರಿನ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದು ಬಂದೆ. ಮೂರನೆಯ ದಿನ ದೇವರು ಧೈರ್ಯ ಕೊಟ್ಟ. ಆದರೆ ಒಳಗೆ ಕಾಲಿಡುವಷ್ಟೇ ಕೊಟ್ಟ, ಬಾಯಿ ತೆರೆಯುವಷ್ಟು ಕೊಡಲಿಲ್ಲ.

ಒಳಗೆ ಏಳೆಂಟು ಜನ ಬರೀ ಮೈಯಲ್ಲಿ, ಎಣ್ಣೆ ಹಚ್ಚಿದ ಹಾಗೆ ಬೆವರಿ ನಿಂತಿದ್ದರು. ನಡುವೆ ಉಸ್ತಾದರು. ಐವತ್ತು ದಾಟಿದ ಬ್ಯಾರಿ ಮುಸಲ್ಮಾನ. ಪ್ರಾಯದಲ್ಲಿ ಮಂಗಳೂರಿನ ಬಂದರಿನಲ್ಲಿ ಮೂಟೆ ಹೊತ್ತು, ಕುಸ್ತಿ ಕಲಿತು, ಈಗ ಊರ ಹುಡುಗರ ಮೈ ತಿದ್ದುತ್ತಿದ್ದರು. ಬಿಳಿ ಗಡ್ಡ, ನನ್ನ ತೊಡೆಯಷ್ಟು ದಪ್ಪದ ತೋಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಪುಸ್ತಕ ಇದ್ದ ನನ್ನನ್ನು ನೋಡಿ ಅವರೇ ದಾರಿ ತೋರಿಸಿದರು. "ಕರೆಂಟಿನವರಾ? ಮೀಟರ್ ಅಲ್ಲಿ, ಬಾಗಿಲ ಹಿಂದೆ ಉಂಟು."

ಅಲ್ಲ ಎನ್ನಬೇಕಿತ್ತು. ಬಾಗಿಲ ಹಿಂದೆ ಹೋಗಿ, ಮೀಟರ್ ನೋಡಿ, ಪುಸ್ತಕದಲ್ಲಿ ಅಂಕಿ ಬರೆದುಕೊಂಡು, ನಮಸ್ಕಾರ ಮಾಡಿ ಹೊರಗೆ ಬಂದೆ. ಮರುದಿನ ಹೋದಾಗ ಉಸ್ತಾದರು ಹುಬ್ಬೇರಿಸಿದರು. "ನಿನ್ನೆ ಓದಿದ್ದಲ್ವಾ?" ನಿನ್ನೆಯದ್ದು ಸರಿ ಉಂಟಾ ಎಂದು ನೋಡಲು ಬಂದೆ ಎಂದೆ. ಮತ್ತೆ ಓದಿದೆ.

ಮೂರನೆಯ ಸಲ ಹೋದಾಗ ಗ್ರಹಚಾರಕ್ಕೆ ನಿಜವಾದ ಕರೆಂಟಿನವನು ಮೀಟರಿನ ಎದುರೇ ನಿಂತಿದ್ದ. ಉಸ್ತಾದರು ಅವನನ್ನೂ ನನ್ನನ್ನೂ ನೋಡಿದರು. ಇನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ ಎಂದು ನಾನು ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ: ಅಪ್ಪನ ಮೊಣಕಾಲು, ಹಲಸಿನ ಮಂಚ, ಶುಭ ಶುಕ್ರವಾರ, ಗುರ್ಕಾರರ ಗಾಳಿಯ ಮಾತು.

ಉಸ್ತಾದರು ಗಡ್ಡ ನೀವಿಕೊಂಡು ಪೂರ್ತಿ ಕೇಳಿದರು. "ಅಪ್ಪನ ಜಾಗ ಅಲ್ವಾ? ಹಾಗಾದರೆ ಮಾಡುವ," ಎಂದರು. ಆಮೇಲೆ ನನ್ನ ಪುಸ್ತಕದತ್ತ ಕೈ ತೋರಿಸಿ, "ಆ ಎರಡು ದಿನದ ಅಂಕಿ ಅವನಿಗೆ ಕೊಡು ಮಾರಾಯ, ಪಾಪ, ಅವನಿಗೆ ಮೀಟರ್ ಸರಿ ಕಾಣುದಿಲ್ಲವಂತೆ."

ಧರ್ಮದ ಅಂಗಿ

"ಅಂಗಿ ತೆಗಿ," ಎಂದರು ಉಸ್ತಾದರು ಮೊದಲ ದಿನ.

ಅಂಗಿಯ ಒಳಗೆ ಏನುಂಟು ಎಂದು ನನಗೆ ಗೊತ್ತು. ಸ್ನಾನದ ಕೋಣೆಯಲ್ಲಿ ನಾನೇ ಅದನ್ನು ನೋಡದೆ ಬೇಗ ನೀರು ಹೊಯ್ದುಕೊಳ್ಳುತ್ತಿದ್ದೆ. ಸುತ್ತ ನಿಂತವರ ಎದೆಗಳನ್ನು ನೋಡಿದೆ, ನನ್ನದನ್ನು ನೆನೆದೆ. ಬಾಯಿಗೆ ಬಂದ ಸುಳ್ಳು ಹೊರಗೆ ಬಿತ್ತು: "ನಮ್ಮ ಧರ್ಮದಲ್ಲಿ ಸಾರ್ವಜನಿಕವಾಗಿ ಅಂಗಿ ತೆಗೀಲಿಕ್ಕಿಲ್ಲ ಉಸ್ತಾದ್."

ಉಸ್ತಾದರು ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದರು. "ಧರ್ಮದ ವಿಷಯವಾ? ಹಾಗಾದರೆ ಬೇಡ," ಎಂದು, ಉಳಿದವರ ಕಡೆ ತಿರುಗಿ ಗುಡುಗಿದರು. "ಕೇಳಿದಿರಾ? ಇವನ ಅಂಗಿಯ ಬಗ್ಗೆ ಯಾರೂ ತಮಾಷೆ ಮಾಡಬಾರದು. ಅದು ಅವರ ಧರ್ಮ."

ಯಾರೂ ಮಾಡಲಿಲ್ಲ. ಅದೇ ಕಷ್ಟವಾಯಿತು. ನಾನು ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಕಿ ದಂಡ ಹೊಡೆಯುತ್ತಿದ್ದರೆ, ಅವರು ಪೂಜೆ ನಡೆಯುವಲ್ಲಿ ನಿಂತಂತೆ ಗೌರವದಿಂದ ನಿಲ್ಲುತ್ತಿದ್ದರು. ಬೆವರಿಗೆ ಅಂಗಿ ಮೈಗೆ ಅಂಟಿ, ಇದ್ದ ಎರಡು ಅಂಗಿಯ ಕಂಕುಳೂ ಹರಿದವು.

ಎರಡು ತಿಂಗಳಾದ ಮೇಲೆ ಹೊಸಬನೊಬ್ಬ ಬಂದ. ಸುಳ್ಯದ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರು, ಕುತ್ತಿಗೆಯಲ್ಲಿ ಬೆಳ್ಳಿಯ ಶಿಲುಬೆ. ನಾನು ಮೂಲೆಯಲ್ಲಿ ಡಂಬೆಲ್ಸ್ ಹಿಡಿದು ನಿಂತವನು ಹಾಗೇ ಕಲ್ಲಾದೆ. ಅವನು ಬಂದವನೇ ಅಂಗಿ ಕಳಚಿ ಮೊಳೆಗೆ ತೂಗುಹಾಕಿದ.

"ಏಯ್!" ಎಂದರು ಉಸ್ತಾದರು. "ನೀನು ಕ್ರಿಶ್ಚಿಯನ್ ಅಲ್ವಾ?"

"ಹೌದು ಉಸ್ತಾದ್."

"ಮತ್ತೆ ಅಂಗಿ ತೆಗೆದದ್ದು ಎಂತಕ್ಕೆ? ಇಲ್ಲಿ ಶಿಸ್ತು ಉಂಟು. ಮೊದಲು ನಿನ್ನ ಧರ್ಮ ಕಲಿ, ಆಮೇಲೆ ಕಬ್ಬಿಣ ಮುಟ್ಟು. ಅಲ್ಲಿ ನೋಡು, ಅವನನ್ನು ನೋಡಿ ಕಲಿ!"

ಕಂಡಕ್ಟರು ನನ್ನನ್ನು ನೋಡಿದ. ಏನು ತಿಳಿಯಿತೋ, ಅಂಗಿ ಹಾಕಿಕೊಂಡ. ಆದರೆ ಮರುದಿನ ಬಸ್ ನಿಲ್ದಾಣದ ಹತ್ತಿರ ನನ್ನನ್ನು ಕಂಡವನು ಕಿವಿಯ ಹತ್ತಿರ ಬಂದು ಕೇಳಿದ, "ಮಾಸ್ಟ್ರೆ, ಇದು ಪೋಪರು ಹೊಸತಾಗಿ ಮಾಡಿದ್ದಾ?"

ಯಾವ ಅಧ್ಯಾಯದಲ್ಲಿ ಉಂಟು

ಆ ಶನಿವಾರ ಊರಿಗೆ ಹೋದವನು ನೇರ ಇಗರ್ಜಿಗೆ ಹೋಗಿ ಪಾಪನಿವೇದನೆಯ ಗೂಡಿನಲ್ಲಿ ಮೊಣಕಾಲೂರಿದೆ. ಜಾಲರಿಯ ಆಚೆ ನಮ್ಮ ಪಾದ್ರಿಗಳು.

"ಸುಳ್ಳು ಹೇಳಿದೆ ಫಾದರ್."

"ಎಷ್ಟು ಸಲ?"

"ಒಂದೇ ಸಲ ಫಾದರ್. ಆದರೆ ಅದು ಎರಡು ತಿಂಗಳಿಂದ ನಡೀತಾ ಉಂಟು."

"ಎಂತ ಸುಳ್ಳು ಅದು?"

"ನಮ್ಮ ಧರ್ಮದಲ್ಲಿ ಅಂಗಿ ತೆಗೀಲಿಕ್ಕಿಲ್ಲ ಅಂತ."

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. ಪಾದ್ರಿಗಳಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. "ಯಾವ ಅಧ್ಯಾಯದಲ್ಲಿ ಉಂಟು ಅದು?" ಎಂದು ಕೊನೆಗೆ ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿಯದೆ ಕಣ್ಣಲ್ಲಿ ನೀರು ಬಂತು. ಭಾರಕ್ಕೆ ಹೆದರುತ್ತಿಲ್ಲ ಫಾದರ್, ನೋಡುವವರಿಗೆ ಹೆದರುತ್ತೇನೆ ಎಂದೆ. ಅಪ್ಪನ ಮೂಲೆ ಹೋಗುವುದು ನನ್ನ ನಾಚಿಕೆಯಿಂದ ಎಂದೆ.

ಪಾದ್ರಿಗಳ ಸ್ವರ ಮೆತ್ತಗಾಯಿತು. "ಪೀಠದ ಮೇಲಿನ ದೊಡ್ಡ ಶಿಲುಬೆ ನೋಡಿದ್ದೀಯಲ್ಲ? ಸ್ವಾಮಿಯ ಪಕ್ಕೆಲುಬು ಎಷ್ಟು ಕಾಣ್ತದೆ?"

"ಎಲ್ಲಾ ಕಾಣ್ತದೆ ಫಾದರ್."

"ಊರಿಗೆ ಊರೇ ನೋಡ್ತಾ ಉಂಟು. ಅವರು ಮುಚ್ಚಿಕೊಂಡರಾ? ನೀನು ಎಂಟು ಜನರ ಎದುರು ನಾಚುದು ಎಂತಕ್ಕೆ? ನಿನ್ನನ್ನು ಮಾಡಿದವನಿಗೆ ನಿನ್ನ ಎಲುಬಿನ ಲೆಕ್ಕ ಗೊತ್ತುಂಟು."

ನಾನು ಹುಟ್ಟಿದಂದಿನಿಂದ ಆ ಶಿಲುಬೆಯ ಎದುರು ಕುಳಿತವನು. ಅಲ್ಲಿರುವುದು ನನ್ನ ಹಾಗೆಯೇ ಎಲುಬು ಕಾಣುವ ಒಂದು ಮೈ ಎಂದು ಆವತ್ತಿನವರೆಗೆ ಹೊಳೆದಿರಲಿಲ್ಲ. ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು.

"ಪ್ರಾಯಶ್ಚಿತ್ತ ಮೂರು ನಮೋ ಮರಿಯ ಪ್ರಾರ್ಥನೆ," ಎಂದರು. "ಮತ್ತೆ ಸೋಮವಾರ ಅಲ್ಲಿ ಹೋಗಿ ಅಂಗಿ ತೆಗಿ."

ಎದೆ ಹಗುರಾದದ್ದು ನಿಜ, ಆದರೆ ಅಷ್ಟೊಂದು ಹಗುರಾಗಿರಲಿಲ್ಲ. "ಅಂಗಿಯ ಬದಲು ಐವತ್ತು ನಮೋ ಮರಿಯ ಹೇಳಿದರೆ ಆಗುದಿಲ್ವಾ ಫಾದರ್?" ಎಂದು ಕೇಳಿದೆ.

"ಇದು ಪಾಪನಿವೇದನೆ. ಮೀನಿನ ಮಾರ್ಕೆಟ್ ಅಲ್ಲ," ಎಂದು ಜಾಲರಿಯ ಪರದೆ ಎಳೆದರು.

ಸೋಮವಾರ ವ್ಯಾಯಾಮಶಾಲೆಯ ನಡುವೆ ನಿಂತು, ಮೂರು ನಮೋ ಮರಿಯ ಹೇಳಿ, ಕಣ್ಣು ಮುಚ್ಚಿ ಅಂಗಿ ತೆಗೆದೆ. ಆಕಾಶ ಬೀಳಲಿಲ್ಲ. ಕಣ್ಣು ತೆರೆದರೆ ಒಬ್ಬೊಬ್ಬನೂ ಗೋಡೆಯ ಕನ್ನಡಿಯಲ್ಲಿ ತನ್ನ ತನ್ನ ತೋಳನ್ನೇ ನೋಡಿಕೊಳ್ಳುತ್ತಿದ್ದ. ವ್ಯಾಯಾಮಶಾಲೆಯಲ್ಲಿ ಯಾರಿಗೂ ಇನ್ನೊಬ್ಬನ ಎದೆ ನೋಡುವ ಪುರುಸೊತ್ತು ಇರುವುದಿಲ್ಲ ಎಂಬುದು ಆವತ್ತು ತಿಳಿದ ಸತ್ಯ. ಎರಡು ತಿಂಗಳೂ ಎರಡು ಅಂಗಿಯೂ ದಂಡವಾಗಿ ಹೋಗಿದ್ದವು.

ಉಸ್ತಾದರ ಹತ್ತಿರ ಹೋಗಿ, ನಾನು ಹೇಳಿದ್ದು ಸುಳ್ಳು, ಕ್ಷಮಿಸಿ ಎಂದೆ.

"ನಂಗೆ ಆ ಕಂಡಕ್ಟರ್ ಬಂದ ದಿನವೇ ಗೊತ್ತಾಯ್ತು," ಎಂದರು. ಆಚೀಚೆ ನೋಡಿ ಸ್ವರ ತಗ್ಗಿಸಿದರು. "ನಾನು ಕುಸ್ತಿ ಕಲೀಲಿಕ್ಕೆ ಹೋದಾಗ ನಮ್ಮಲ್ಲಿ ಚಡ್ಡಿ ಹಾಕುವ ಕ್ರಮ ಇಲ್ಲ ಅಂತ ಒಂದು ವರ್ಷ ಪೈಜಾಮದಲ್ಲೇ ಆಡಿದವ ನಾನು. ನನ್ನ ಕಾಲು ನೀನು ನೋಡಿಲ್ಲ ಮಾರಾಯ. ಕೊಡೆಯ ಕಡ್ಡಿ!"

ಮಂಡೆಕೋಲಿನ ಬಸ್ಸು

ಒಂದೊಂದು ಕಸರತ್ತನ್ನೂ ಹತ್ತು ಸಲ ಮಾಡಬೇಕೆಂಬುದು ಉಸ್ತಾದರ ನಿಯಮ. ಭಾರ ಎತ್ತುವಾಗ ನನಗೆ ಗಾಬರಿಯಲ್ಲಿ ಲೆಕ್ಕ ತಪ್ಪುತ್ತಿತ್ತು. ನಮ್ಮ ಮನೆಯಲ್ಲಿ ದಿನಾ ಸಂಜೆ ಜಪಸರ ಹಿಡಿದು ಹತ್ತು ಹತ್ತು ನಮೋ ಮರಿಯ ಹೇಳಿ ರೂಢಿ. ಆ ಲೆಕ್ಕ ನಿದ್ದೆಯಲ್ಲೂ ತಪ್ಪುವುದಿಲ್ಲ. ಹಾಗೆ ಒಂದು ಸಲ ಎತ್ತಿ ಇಳಿಸುವುದಕ್ಕೆ ಒಂದು ನಮೋ ಮರಿಯ ಎಂದು ಮನಸ್ಸಿನಲ್ಲೇ ಹೇಳತೊಡಗಿದೆ. ಪ್ರಾರ್ಥನೆಯನ್ನು ಅವಸರದಲ್ಲಿ ಹೇಳಬಾರದು ಎಂದು ಅಮ್ಮನ ಕಟ್ಟಪ್ಪಣೆ. ಬೇರೆಯವರು ಒಂದು ನಿಮಿಷದಲ್ಲಿ ಹತ್ತು ಮುಗಿಸಿದರೆ ನನಗೆ ನಾಲ್ಕು ನಿಮಿಷ. ತೋಳು ಉರಿಯುತ್ತಿತ್ತು, ಆದರೆ ಹೆದರಿಕೆ ಹತ್ತಿರ ಸುಳಿಯುತ್ತಿರಲಿಲ್ಲ.

"ನೋಡಿ, ಎತ್ತುದು ಅಂದ್ರೆ ಹಾಗೆ!" ಎಂದರು ಉಸ್ತಾದರು. "ನಿಧಾನ! ನೀವೆಲ್ಲಾ ನೀರು ಸೇದಿದ ಹಾಗೆ ಮಾಡ್ತೀರಿ."

ಮಂಡೆಕೋಲಿನ ಗೌಡರೊಬ್ಬರು ನಮ್ಮ ಜೊತೆ ಬರುತ್ತಿದ್ದರು. ಪುತ್ತೂರಿನ ಜವಳಿ ಅಂಗಡಿಯಲ್ಲಿ ಕೆಲಸ, ಸೀರೆ ಬಿಡಿಸಿ ಮಡಚಿ ಮಡಚಿ ಬೆನ್ನು ಬಾಗಿದವರು. ನಿಧಾನದ ಗುಟ್ಟು ಎಂತದ್ದು ಎಂದು ನನ್ನಲ್ಲಿ ಕೇಳಿದರು. ಹೇಳಿದೆ. "ನಂಗೆ ಅಷ್ಟು ಉದ್ದದ ಪ್ರಾರ್ಥನೆ ಬಾಯಿಗೆ ಬರುದಿಲ್ಲ," ಎಂದು ಒಂದು ದಿನ ಯೋಚಿಸಿ, ತಮ್ಮ ಬಾಯಿಗೆ ಬರುವ ಊರಿನ ಬಸ್ಸಿನ ನಿಲ್ದಾಣಗಳನ್ನೇ ಹಿಡಿದುಕೊಂಡರು. ಪುತ್ತೂರು, ಸಂಪ್ಯ, ಕುಂಬ್ರ, ಕೌಡಿಚ್ಚಾರು, ಕಾವು, ಕನಕಮಜಲು, ಜಾಲ್ಸೂರು, ಸುಳ್ಯ, ಅಜ್ಜಾವರ, ಮಂಡೆಕೋಲು. ಸರಿಯಾಗಿ ಹತ್ತು. ಮನೆಗೆ ಹೋಗುವ ಆಸೆಯಿಂದ ಹೇಳಿದರೆ ಅದೂ ಪ್ರಾರ್ಥನೆಯೇ.

ಅದರ ಮೇಲೆ ಅವರ ಆರೋಗ್ಯ ವಿಚಾರಿಸುವ ಕ್ರಮವೇ ಬದಲಾಯಿತು. "ನಿನ್ನೆ ಎಲ್ಲಿವರೆಗೆ ಹೋದಿರಿ?" "ಕಾವಿನವರೆಗೆ. ಆಮೇಲೆ ಕೈ ನಡುಗಿತು." ಒಂದು ಸಂಜೆ ಉಸ್ತಾದರು ಭಾರ ಹೆಚ್ಚಿಸಿದ್ದರು. ಗೌಡರು ಜಾಲ್ಸೂರು ದಾಟಿ, ಸುಳ್ಯಕ್ಕೆ ಬರುವಾಗ ಮುಖ ಕೆಂಪಾಗಿ, ಸರಳು ಎದೆಯ ಮೇಲೆ ಕೂತು, ಮೇಲೆ ಹೋಗುವುದಿಲ್ಲ, ಕೆಳಗೆ ಇಳಿಯುವುದಿಲ್ಲ. ನಾವು ಓಡಿದೆವು. ಕಂಡಕ್ಟರು ಎಲ್ಲರಿಗಿಂತ ಮೊದಲು ಮುಟ್ಟಿ, ಸರಳಿಗೆ ಕೈಕೊಟ್ಟು ಅಭ್ಯಾಸಬಲದಿಂದ ಕೂಗಿದ: "ಸುಳ್ಯ, ಸುಳ್ಯ! ಇಳಿಯುವವರು ಬೇಗ ಇಳೀರಿ!"

ಅಮ್ಮನ ಸರ್ಟಿಫಿಕೇಟು

ಜನವರಿ ಮುಗಿಯುವಾಗ ನನಗೆ ಐವತ್ತೆರಡು ಕಿಲೊ. ಆದರೆ ಫೆಬ್ರವರಿಯಲ್ಲಿ ನಮ್ಮ ತಪಸ್ಸುಕಾಲ ಸುರು. ಏಸುಸ್ವಾಮಿ ಸತ್ತು ಮರಳಿ ಎದ್ದ ಈಸ್ಟರ್ ಭಾನುವಾರದವರೆಗೆ ನಲ್ವತ್ತು ದಿನ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಮಾಂಸ ಇಲ್ಲ, ಮೊಟ್ಟೆಯೂ ಇಲ್ಲ. ಉಸ್ತಾದರ ಆಜ್ಞೆ ದಿನಕ್ಕೆ ನಾಲ್ಕು ಮೊಟ್ಟೆ. ಮೊಟ್ಟೆ ಬಿಟ್ಟರೆ ಮಂಚ ಏಳುವುದಿಲ್ಲ, ಮೊಟ್ಟೆ ತಿಂದರೆ ಅಮ್ಮ ಮಂಚ ಮುಟ್ಟಲು ಬಿಡುವುದಿಲ್ಲ.

ಸೋಮವಾರದ ಸಂತೆಗೆ ಬಂದ ಅಮ್ಮ ತರಕಾರಿ ಚೀಲದೊಂದಿಗೆ ನೇರ ವ್ಯಾಯಾಮಶಾಲೆಗೇ ಬಂದುಬಿಟ್ಟರು. ಬರೀ ಮೈಯ ಗಂಡಸರೆಲ್ಲ ಟವಲ್ ಹುಡುಕಿ ಓಡಿದರು. ಉಸ್ತಾದರು ಸ್ಟೂಲು ತಂದಿಟ್ಟರು. ಅಮ್ಮ ಕೂರಲಿಲ್ಲ.

"ನಮ್ಮದು ನಲ್ವತ್ತು ದಿನ ಉಪವಾಸ ಉಂಟು. ಇವನಿಗೆ ಮೊಟ್ಟೆ ತಿನ್ನಿಸ್ಲಿಕ್ಕಿಲ್ಲ," ಎಂದರು.

ಜಗಳ ಕಾದಿದೆ ಎಂದು ನಾನು ಕಣ್ಣು ಮುಚ್ಚಿದೆ. ಉಸ್ತಾದರ ಸ್ವರದಲ್ಲಿ ಆಶ್ಚರ್ಯ ಇತ್ತು. "ನಲ್ವತ್ತು ದಿನವಾ ಅಮ್ಮಾ? ನಮ್ಮದು ಮೂವತ್ತೇ." ನನ್ನ ಕಡೆ ತಿರುಗಿದರು. "ಇದನ್ನು ನೀನು ಹೇಳಲೇ ಇಲ್ಲ. ಇಲ್ಲದ ಧರ್ಮ ಹೇಳ್ತಿ, ಇದ್ದ ಧರ್ಮ ಬಚ್ಚಿಡ್ತಿ!" ಆಮೇಲೆ ಅಮ್ಮನಿಗೆ ಹುರುಳಿ ಎಷ್ಟು, ಹೆಸರುಕಾಳು ಎಷ್ಟು, ನೆಲಗಡಲೆ ಯಾವಾಗ ಎಂದು ಅರ್ಧ ಗಂಟೆ ವಿವರಿಸಿದರು. ಉಪವಾಸದ ದಿನ ಭಾರ ಕಡಿಮೆ ಮಾಡುತ್ತೇನೆ ಎಂದು ಮಾತುಕೊಟ್ಟರು.

ಬಸ್ಸು ಹತ್ತಿಸಲು ಹೋದಾಗ ಅಮ್ಮ ಹೇಳಿದರು, "ಪುತ್ತೂರಿನಲ್ಲಿ ನಿಂಗೆ ಧರ್ಮ ಕಲಿಸ್ಲಿಕ್ಕೆ ಕಡೆಗೂ ಒಬ್ಬರು ಸಿಕ್ಕಿದ್ರಲ್ಲ."

ಆ ಶನಿವಾರ ರಾತ್ರಿ ಊಟ ಆದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ಎಡಭುಜವನ್ನು ಒತ್ತಿ ನೋಡಿದರು, ಸಂತೆಯಲ್ಲಿ ಹೋರಿಯನ್ನು ನೋಡುವ ಹಾಗೆ. ಅಮ್ಮನಿಗೆ ಕೇಳುವಂತೆ, "ಎಲುಬಿನ ಮೇಲೆ ಎಂತದೋ ಒಂದು ಉಂಟು," ಎಂದರು. ಅಪ್ಪನ ಬಾಯಲ್ಲಿ ಅದು ಹೊಗಳಿಕೆ. ಹಾಸಿಗೆಯಲ್ಲಿ ಮಲಗಿ ನಾನು ಆ ಭುಜವನ್ನು ಮತ್ತೆ ಮತ್ತೆ ಮುಟ್ಟಿಕೊಂಡೆ.

ಶುಕ್ರವಾರ

ಶುಭ ಶುಕ್ರವಾರ ನಮ್ಮಲ್ಲಿ ದೊಡ್ಡ ಮೌನದ ದಿನ. ಗಂಟೆ ಹೊಡೆಯುವುದಿಲ್ಲ, ಮರದ ಹಲಗೆ ಬಡಿದು ಸೂಚನೆ ಕೊಡುವುದು. ಮಾತಿಲ್ಲ, ನಗುವಂತೂ ಇಲ್ಲವೇ ಇಲ್ಲ. ಆ ಸಂಜೆ ಅಂಗಳದ ತುಂಬ ಕಪ್ಪು ಬಟ್ಟೆಯ ಜನ. ಅಪ್ಪ ಊರುಗೋಲು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದರು. ಕಲ್ಲಿನ ಪಾಗಾರದ ಆಚೆ, ಪುತ್ತೂರಿನಿಂದ ಬಸ್ಸು ಹಿಡಿದು ಬಂದ ಉಸ್ತಾದರು, ಗೌಡರು, ಕಂಡಕ್ಟರು ಸಾಲಾಗಿ ನಿಂತಿದ್ದರು. ಎಲ್ಲರೂ ಇಸ್ತ್ರಿ ಅಂಗಿ ಹಾಕಿದ್ದರು.

ಹಲಗೆ ಮೂರು ಸಲ ಬಡಿಯಿತು. ಸ್ವಾಮಿಯ ತಲೆ ಮುಂದಕ್ಕೆ ಬರುವಂತೆ ಮಲಗಿಸಿ, ಜಾರದಂತೆ ಎದೆಗೂ ಕಾಲಿಗೂ ಬಿಳಿ ಪಟ್ಟಿ ಕಟ್ಟಿತ್ತು. ನಾಲ್ಕು ಜನ ಬಾಗಿದೆವು. ಎದ್ದೆವು. ಅಪ್ಪನ ಮೂಲೆ ನನ್ನ ಭುಜದ ಮೇಲೆ ಕೂತಿತು. ಎಷ್ಟು ಭಾರ! ಇಪ್ಪತ್ತಾರು ವರ್ಷ ಅಪ್ಪ ಇದನ್ನು ಹೊತ್ತು, ಮನೆಗೆ ಬಂದು, ಒಂದು ಸಲವೂ ಭುಜ ನೋಯುತ್ತದೆ ಎಂದವರಲ್ಲ.

ಮುಕ್ಕಾಲು ಸುತ್ತು ಚೆನ್ನಾಗಿಯೇ ಬಂತು. ಕೊನೆಯ ಏರಿನಲ್ಲಿ, ಮೆಟ್ಟಿಲಿಗೆ ಇನ್ನು ಇಪ್ಪತ್ತು ಹೆಜ್ಜೆ ಇರುವಾಗ, ನನ್ನ ತೊಡೆ ನಡುಗತೊಡಗಿತು. ಮೂಲೆ ಒಂದಿಂಚು ತಗ್ಗಿತು. ಗುರ್ಕಾರರು ಪಕ್ಕದಿಂದ ಓರೆಗಣ್ಣಲ್ಲಿ ನೋಡಿದರು. ಇನ್ನೊಂದಿಂಚು ತಗ್ಗಿದರೆ ಮೂಲೆ ಅವರ ತಂಗಿಯ ಮಗನಿಗೆ. ಅಪ್ಪ ಊರುಗೋಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದದ್ದು ಕಂಡಿತು. ನಾನು ನಮೋ ಮರಿಯ ಹೇಳತೊಡಗಿದೆ.

ಈಗ ಉಸ್ತಾದರ ಒಂದು ಅಭ್ಯಾಸ ಹೇಳಬೇಕು. ಶಿಷ್ಯನ ಕೈ ಸೋಲುವುದನ್ನು ಅವರು ನೋಡಿ ಸುಮ್ಮನಿರಲಾರರು. "ಕೊನೇದು! ಮೇಲೆ!" ಎಂದು ಒಂದು ಕೂಗು ಹಾಕುತ್ತಾರೆ. ಆ ಕೂಗಿಗೆ, ಭುಜದ ಮೇಲಿದ್ದ ಸರಳನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿಯಬೇಕು. ಹತ್ತು ತಿಂಗಳು ದಿನಾ ಕೇಳಿದ ಕೂಗು ಅದು.

ಎಲೆ ಬಿದ್ದರೂ ಕೇಳುವ ಆ ಮೌನದಲ್ಲಿ ಪಾಗಾರದ ಆಚೆಯಿಂದ ಸಿಡಿಲಿನಂತೆ ಬಂತು:

"ಕೊನೇದು! ಮೇಲೆ!"

ನನ್ನ ತಲೆಗೆ ಅರ್ಥವಾಗುವ ಮೊದಲೇ ಕೈಗೆ ಅರ್ಥವಾಗಿತ್ತು. ಮೂಲೆ ಭುಜ ಬಿಟ್ಟು ತಲೆಯ ಮೇಲೆ ಹೋಯಿತು. ಮಂಚ ವಾಲುವುದನ್ನು ಕಂಡು ಗಾಬರಿಬಿದ್ದ ಗುರ್ಕಾರರು ತಮ್ಮ ಮೂಲೆಯನ್ನೂ ಇದ್ದಬದ್ದ ಬಲದಿಂದ ಮೇಲೆ ತಳ್ಳಿದರು. ಹಿಂದಿನವರಿಬ್ಬರು ಇದ್ದಲ್ಲೇ ಇದ್ದರು. ಇಡೀ ಊರಿನ ಕಣ್ಣೆದುರು ಸ್ವಾಮಿಯ ತಲೆ, ಎದೆ ನಿಧಾನವಾಗಿ ಮೇಲೆದ್ದವು. ಮುಂದಿನ ಸಾಲಿನ ಅಜ್ಜಿಯೊಬ್ಬರು "ದೇವರೇ!" ಎಂದು ಮೊಣಕಾಲೂರಿದರು. ಅವರನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಅದರ ಹಿಂದಿನವರು. ನೋಡುತ್ತಿದ್ದಂತೆ ಅಂಗಳವೇ ಮೊಣಕಾಲಿನ ಮೇಲೆ. ಪಾಗಾರದ ಆಚೆ ನಮ್ಮ ವ್ಯಾಯಾಮಶಾಲೆಯವರು ಚಪ್ಪಾಳೆ ತಟ್ಟಿದರು.

ಹಾಗೆಯೇ ಎತ್ತಿ ಹಿಡಿದು ಉಳಿದ ಇಪ್ಪತ್ತು ಹೆಜ್ಜೆ ನಡೆದೆವು. ಇಳಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಪ್ಪ ಊರುಗೋಲಿಗೆ ಹಣೆಯಾನಿಸಿ, ಭುಜ ಕುಣಿಸಿ ಅಳುತ್ತಿದ್ದರು. ಹತ್ತಿರ ಹೋದಾಗ ನೋಡಿದರೆ ಅಳು ಅಲ್ಲ, ನಗು. ಕಣ್ಣೀರು ಮಾತ್ರ ನಿಜವಾಗಿಯೂ ಇತ್ತು. ಅದನ್ನು ನಾನು ಈಗಲೂ ಮರೆತಿಲ್ಲ.

ಒಳಗೆ ಪಾದ್ರಿಗಳ ಕೋಣೆಯಲ್ಲಿ ನಾನು ತಲೆ ತಗ್ಗಿಸಿ ನಿಂತೆ. ಗುರ್ಕಾರರು ಎರಡೂ ಕೈ ಇಳಿಸಲಾಗದೆ ಅರ್ಧ ಎತ್ತಿಕೊಂಡೇ ನಿಂತಿದ್ದರು. "ಮೂಲೆ ಇವನ ಹತ್ತಿರವೇ ಇರಲಿ ಫಾದರ್," ಎಂದರು ನರಳುತ್ತಾ. "ನನ್ನ ಮೂಲೆಯನ್ನು ಬೇಕಾದರೆ ತಂಗಿಯ ಮಗನಿಗೆ ಕೊಡಿ."

ಪಾದ್ರಿಗಳು ಕಪ್ಪು ನಿಲುವಂಗಿ ಬಿಚ್ಚಿ, ಮಡಚಿ, ಕಪಾಟಿನಲ್ಲಿಟ್ಟು, ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗುವಿನ ಸುಳಿವಿಲ್ಲ.

"ಸ್ವಾಮಿ ಏಳುವುದು ಭಾನುವಾರ ಮಾರಾಯ," ಎಂದರು. "ನಿಂಗೆ ಎಷ್ಟೇ ಬಲ ಬಂದರೂ, ಇನ್ನು ಎರಡು ದಿನ ಅವರನ್ನು ಮಲಗಲಿಕ್ಕೆ ಬಿಡಬಹುದಿತ್ತು."